ಅನ್ನನಾಳದ ಕ್ಯಾನ್ಸರ್ ಆಪರೇಷನ್ ಆದ ಮೇಲೆ: ಹೊಸ ಹೊಟ್ಟೆಯ ಜೊತೆ ಹೊಂದಿಕೊಳ್ಳುವುದು ಹೇಗೆ

ಆಪರೇಷನ್ ಆಗಿ ಮನೆಗೆ ಬಂದ ಮೊದಲ ವಾರವೇ ನಾನೊಂದು ತಪ್ಪು ಮಾಡಿದೆ. ರುಚಿಯಾಗಿದೆ ಅಂತ ಇನ್ನೊಂದು ತುತ್ತು ತಿಂದೆ. ಬರೀ ಒಂದು ತುತ್ತು. ಹತ್ತು ನಿಮಿಷಕ್ಕೆ ಎದೆಯೊಳಗೆ ಕಲ್ಲು ಇಟ್ಟ ಹಾಗಾಯಿತು. ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆಯಲ್ಲಿ ನುಲಿತ. ಬಾತ್‌ರೂಮಿನ ನೆಲದ ಮೇಲೆ ಗೋಡೆಗೆ ಒರಗಿ ಅರ್ಧ ಗಂಟೆ ಕೂತಿದ್ದೆ. ಹಾರ್ಟ್ ಅಟ್ಯಾಕ್ ಆಯಿತು ಅಂತ ಹೆಂಡತಿ ಫೋನ್ ಕೈಗೆ ತೆಗೆದುಕೊಂಡಿದ್ದಳು. ಆಮೇಲೆ ತಾನಾಗಿಯೇ ಎಲ್ಲ ಇಳಿಯಿತು.

ಇದಕ್ಕೊಂದು ಹೆಸರಿದೆ, ಕಾರಣ ಇದೆ, ತಪ್ಪಿಸಿಕೊಳ್ಳುವ ದಾರಿಯೂ ಇದೆ. ಆಸ್ಪತ್ರೆಯಲ್ಲಿ ಹೇಳಿರಲಿಲ್ಲ ಅಂತಲ್ಲ, ಹೇಳಿದ್ದರು. ಆದರೆ ಆಗ ನನ್ನ ತಲೆ ನೆಟ್ಟಗಿರಲಿಲ್ಲ, ಏನೂ ಒಳಗೆ ಇಳಿಯಲಿಲ್ಲ. ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ನಿಮ್ಮ ಡಾಕ್ಟರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೊನೆ. ನಿಮ್ಮ ಒಳಗೆ ಏನು ಮಾಡಿದ್ದಾರೆ ಅಂತ ಕಣ್ಣಾರೆ ನೋಡಿದವರು ಅವರು.

ಮೊದಲು, ಒಳಗೆ ಏನಾಗಿದೆ ಅಂತ ತಿಳಿದುಕೊಳ್ಳಿ

ಇದು ಗೊತ್ತಾದರೆ ಮುಂದಿನ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ. ಇಲ್ಲದಿದ್ದರೆ ಅವು ಸುಮ್ನೆ ಕಾಟ ಕೊಡುವ ಕಟ್ಟುಪಾಡಿನ ಹಾಗೆ ಕಾಣುತ್ತವೆ.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅದರಲ್ಲಿ ಹೆಚ್ಚಿನ ಭಾಗವನ್ನು, ಜೊತೆಗೆ ಜಠರದ ಮೇಲಿನ ತುದಿಯನ್ನು, ಸುತ್ತಲಿನ ದುಗ್ಧ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದುಬಿಡುತ್ತಾರೆ. ಉಳಿದ ಜಠರವನ್ನು ಸಪೂರ ಕೊಳವೆಯ ಹಾಗೆ ಮಾಡಿ, ಎದೆಯೊಳಗೆ ಮೇಲಕ್ಕೆಳೆದು, ಉಳಿದ ಅನ್ನನಾಳದ ತುಂಡಿಗೆ ಹೊಲಿಯುತ್ತಾರೆ. ಹೊಟ್ಟೆ ಮತ್ತು ಬಲ ಎದೆ ಎರಡು ಕಡೆಯಿಂದ ಹೋಗಿ ಎದೆಯೊಳಗೇ ಜೋಡಿಸಿದರೆ ಅದು ಐವರ್ ಲೂಯಿಸ್ ಆಪರೇಷನ್. 1946ರಲ್ಲಿ ಇದನ್ನು ವಿವರಿಸಿದ ಸರ್ಜನ್ ಹೆಸರು ಅದು. ಕುತ್ತಿಗೆಯಲ್ಲೂ ಕೊಯ್ದು ಅಲ್ಲಿ ಜೋಡಿಸಿದರೆ ಮೆಕ್‌ಕ್ಯೂನ್. ಜಠರ ಬಳಸಲು ಆಗದಿದ್ದರೆ ದೊಡ್ಡ ಕರುಳಿನ ತುಂಡನ್ನೂ ಬಳಸುತ್ತಾರೆ. ನಿಮ್ಮದು ಯಾವುದು ಅಂತ ಡಿಸ್ಚಾರ್ಜ್ ಕಾಗದದಲ್ಲಿ ಇರುತ್ತದೆ, ಅದನ್ನು ಎಲ್ಲೂ ಕಳೆಯಬೇಡಿ.

ಅಂದರೆ ಹಿಂದೆ ಹೊಟ್ಟೆ ಒಂದು ಮಡಿಕೆಯ ಹಾಗಿತ್ತು. ಹಾಕಿದ್ದನ್ನು ಹಿಡಿದಿಟ್ಟು, ಅರೆದು, ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತಿತ್ತು. ಈಗ ಅದು ಮಡಿಕೆಯಲ್ಲ, ಕೊಳವೆ. ಹಿಡಿಸುವುದು ಕಡಿಮೆ. ಮೇಲೆ ಇದ್ದ ಬಾಗಿಲು, ಅಂದರೆ ಅನ್ನನಾಳದ ಬುಡದ ಬಿಗಿ ಸ್ನಾಯು, ಹೋಗಿದೆ. ಹಾಗಾಗಿ ಬಗ್ಗಿದರೆ, ಮಲಗಿದರೆ ಒಳಗಿನದು ಬಾಯಿಗೆ ಬರುತ್ತದೆ. ಹೊಟ್ಟೆಗೆ ಅಪ್ಪಣೆ ಕೊಡುತ್ತಿದ್ದ ವೇಗಸ್ ನರವೂ ತುಂಡಾಗಿರುತ್ತದೆ. ಅದಕ್ಕೇ ಒಂದು ದಿನ ಊಟ ಕೆಳಗೆ ಇಳಿಯುವುದೇ ಇಲ್ಲ, ಇನ್ನೊಂದು ದಿನ ದಬಕ್ಕನೆ ಕರುಳಿಗೆ ಸುರಿದುಬಿಡುತ್ತದೆ. ಹಸಿವಿನ ಸುದ್ದಿ ಮುಟ್ಟಿಸುವ ಗ್ರೆಲಿನ್ ಎನ್ನುವ ಹಾರ್ಮೋನ್ ತಯಾರಾಗುವುದು ಹೆಚ್ಚಾಗಿ ಜಠರದಲ್ಲೇ. ಅದೂ ಕಡಿಮೆಯಾಗುತ್ತದೆ. "ಹಸಿವೇ ಆಗಲ್ಲ" ಅಂತ ಎಲ್ಲರೂ ಹೇಳುವುದು ಸೋಮಾರಿತನಕ್ಕಲ್ಲ.

ಆಸ್ಪತ್ರೆಯಲ್ಲಿ: ಉಸಿರು ಮತ್ತು ನಡಿಗೆ, ಇವೆರಡೇ ನಿಮ್ಮ ಕೆಲಸ

ಎಲ್ಲ ಸರಿಯಿದ್ದರೆ ಒಂದರಿಂದ ಎರಡು ವಾರ ಆಸ್ಪತ್ರೆ. ಮೊದಲ ಒಂದೆರಡು ದಿನ ಐಸಿಯು. ಮೂಗಿನಲ್ಲಿ ಒಂದು ನಳಿಕೆ, ಎದೆಯಲ್ಲಿ ಡ್ರೈನ್, ಮೂತ್ರಕ್ಕೊಂದು, ಬೆನ್ನಲ್ಲಿ ನೋವಿನ ಔಷಧಿಗೊಂದು, ಎಷ್ಟೋ ಜನಕ್ಕೆ ಹೊಟ್ಟೆಯ ಪಕ್ಕದಲ್ಲಿ ಆಹಾರದ ಟ್ಯೂಬ್. ಕನ್ನಡಿ ನೋಡಿಕೊಳ್ಳದೇ ಇದ್ದರೆ ಒಳ್ಳೆಯದು.

ಈ ಹಂತದಲ್ಲಿ ದೊಡ್ಡ ಅಪಾಯಗಳು ಎರಡು. ಹೊಲಿಗೆಯ ಜಾಗದಲ್ಲಿ ಸೋರಿಕೆ, ಮತ್ತು ನ್ಯುಮೋನಿಯಾ. ಸೋರಿಕೆ ನಿಮ್ಮ ಕೈಯಲ್ಲಿಲ್ಲ, ಅದನ್ನು ಅವರು ನೋಡಿಕೊಳ್ಳುತ್ತಾರೆ. ಅದಕ್ಕೇ ಕೆಲವೊಮ್ಮೆ ಬಣ್ಣದ ದ್ರವ ಕುಡಿಸಿ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿ, ಆಮೇಲೆ ಬಾಯಿಗೆ ನೀರು ಕೊಡುವುದು. ಅದಕ್ಕೆ ಮುಂಚೆ ಕದ್ದು ಒಂದು ಗುಟುಕು ನೀರೂ ಕುಡಿಯಬೇಡಿ. ಆದರೆ ನ್ಯುಮೋನಿಯಾ ತಡೆಯುವುದು ಅರ್ಧ ನಿಮ್ಮ ಕೈಯಲ್ಲೇ ಇದೆ. ಚೆಂಡು ಮೇಲೇಳುವ ಉಸಿರಾಟದ ಆಟಿಕೆ ಕೊಡುತ್ತಾರಲ್ಲ, ಅದನ್ನು ಎಚ್ಚರ ಇದ್ದಷ್ಟು ಹೊತ್ತು ಗಂಟೆಗೊಮ್ಮೆ ಎಳೆಯಿರಿ. ಕೆಮ್ಮು ಬಂದರೆ ದಿಂಬನ್ನು ಗಾಯಕ್ಕೆ ಒತ್ತಿ ಅಪ್ಪಿಕೊಂಡು ಕೆಮ್ಮಿ, ನೋವು ಅರ್ಧಕ್ಕೆ ಇಳಿಯುತ್ತದೆ. ಮತ್ತೆ ನೋವು ತಡೆದುಕೊಂಡು ಶೂರರಾಗಬೇಡಿ. ನೋವಿದ್ದರೆ ಆಳವಾಗಿ ಉಸಿರು ಎಳೆಯಲು ಆಗುವುದಿಲ್ಲ, ಉಸಿರು ಎಳೆಯದಿದ್ದರೆ ಕಫ ಕಟ್ಟುತ್ತದೆ. "ಸಿಸ್ಟರ್, ನೋವು ಜಾಸ್ತಿ ಇದೆ" ಅಂತ ಹೇಳುವುದೂ ಚಿಕಿತ್ಸೆಯ ಭಾಗವೇ.

ಮರುದಿನವೇ ಎಬ್ಬಿಸಿ ಕೂರಿಸುತ್ತಾರೆ, ನಡೆಸುತ್ತಾರೆ. ಬೈದುಕೊಂಡಾದರೂ ನಡೆಯಿರಿ.

ಟ್ಯೂಬ್ ಜೊತೆ ಮನೆಗೆ ಬಂದರೆ

ಎಲ್ಲರಿಗೂ ಇರುವುದಿಲ್ಲ. ಇದ್ದರೆ ಅದು ಸಣ್ಣ ಕರುಳಿಗೆ ಹಾಕಿದ ಟ್ಯೂಬ್, ಸಾಮಾನ್ಯವಾಗಿ ರಾತ್ರಿ ಪಂಪ್ ಇಟ್ಟು ನಿಧಾನವಾಗಿ ಆಹಾರ ಬಿಡುತ್ತಾರೆ. ಬಾಯಿಂದ ಸಾಕಷ್ಟು ಹೋಗುವವರೆಗೆ ಅದೇ ಆಧಾರ. ನಾನು ಅದನ್ನು ಬೇಗ ತೆಗೆಸಬೇಕು ಅಂತ ಹಟ ಹಿಡಿದಿದ್ದೆ. ಈಗ ಅನ್ನಿಸುತ್ತದೆ, ಇನ್ನೂ ಎರಡು ವಾರ ಇಟ್ಟುಕೊಂಡಿದ್ದರೆ ಅಷ್ಟು ತೂಕ ಇಳಿಯುತ್ತಿರಲಿಲ್ಲ.

ಪ್ರತಿ ಸಲ ಆಹಾರ ಹಾಕುವ ಮುಂಚೆ, ಮುಗಿದ ಮೇಲೆ, ಔಷಧಿ ಹಾಕುವ ಮುಂಚೆ ಮತ್ತು ಆಮೇಲೆ ಸಿರಿಂಜಿನಲ್ಲಿ ನೀರು ಹಾಯಿಸಿ. ಎಷ್ಟು, ಎಂಥ ನೀರು ಅಂತ ಆಸ್ಪತ್ರೆಯವರು ಹೇಳಿರುತ್ತಾರೆ. ಬಳಸದ ದಿನವೂ ಹಾಯಿಸಬೇಕು. ಇದನ್ನು ಬಿಟ್ಟರೆ ಕಟ್ಟಿಕೊಳ್ಳುತ್ತದೆ, ಅದೂ ರಾತ್ರಿ ಎರಡು ಗಂಟೆಗೇ ಕಟ್ಟಿಕೊಳ್ಳುತ್ತದೆ. ನನ್ನದು ಕಟ್ಟಿದ್ದು ಪುಡಿ ಮಾಡಿದ ಒಂದು ಮಾತ್ರೆಯಿಂದ. ಪಂಪ್ ಕೀಂ ಕೀಂ ಅಂತ ಕಿರುಚುತ್ತಿತ್ತು, ಮಗಳು ಟಾರ್ಚ್ ಹಿಡಿದಿದ್ದಳು, ಹೆಂಡತಿ ಉಗುರುಬೆಚ್ಚಗಿನ ನೀರಿನ ಸಿರಿಂಜ್ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತುವುದು, ಹೊರಕ್ಕೆ ಎಳೆಯುವುದು, ಮತ್ತೆ ಒತ್ತುವುದು ಮಾಡುತ್ತಿದ್ದಳು. ಇಪ್ಪತ್ತು ನಿಮಿಷ ಬೇಕಾಯಿತು. ಜೋರಾಗಿ ಒತ್ತಬಾರದು, ತಂತಿ ಗಿಂತಿ ತೂರಿಸಲೇಬಾರದು. ಬಿಡಲಿಲ್ಲ ಅಂದರೆ ಆಸ್ಪತ್ರೆಗೆ ಫೋನ್ ಮಾಡಿ.

ಟ್ಯೂಬ್ ಪೂರ್ತಿ ಕಳಚಿ ಹೊರಗೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಮೇಲೆ ಸ್ವಚ್ಛ ಬಟ್ಟೆ ಮುಚ್ಚಿ, ಬಿದ್ದ ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಹೊರಡಿ. ನೀವೇ ಮತ್ತೆ ತೂರಿಸಲು ಹೋಗಬೇಡಿ.

ತಿನ್ನುವುದು: ಹಸಿವು ನೋಡಬೇಡಿ, ಗಡಿಯಾರ ನೋಡಿ

ಎಲ್ಲಕ್ಕಿಂತ ದೊಡ್ಡ ಪಾಠ ಇಲ್ಲಿದೆ. ಹುಟ್ಟಿದಾಗಿನಿಂದ ಹಸಿವಾದಾಗ ತಿಂದು, ಹೊಟ್ಟೆ ತುಂಬಿದಾಗ ನಿಲ್ಲಿಸಿದವರು ನಾವು. ಈಗ ಆ ಎರಡು ಗಂಟೆಗಳೂ ಕೆಟ್ಟಿವೆ. ಹಸಿವಿನ ಗಂಟೆ ಬಾರಿಸುವುದೇ ಇಲ್ಲ. ಸಾಕು ಅನ್ನುವ ಗಂಟೆ ಬಾರಿಸುತ್ತದೆ, ಆದರೆ ತಡವಾಗಿ, ಅಷ್ಟರಲ್ಲಿ ಮೂರು ತುತ್ತು ಜಾಸ್ತಿ ಹೋಗಿರುತ್ತದೆ.

ಹಾಗಾಗಿ ಮೊಬೈಲಿನಲ್ಲಿ ಎರಡು, ಎರಡೂವರೆ ಗಂಟೆಗೊಂದು ಅಲಾರಂ ಇಡಿ. ದಿನಕ್ಕೆ ಆರರಿಂದ ಎಂಟು ಸಣ್ಣ ಊಟ. ಸಣ್ಣದು ಅಂದರೆ ನಿಜವಾಗಿಯೂ ಸಣ್ಣದು, ಮೊದಲಿಗೆ ನಾಲ್ಕೈದು ಚಮಚವೇ ಸಾಕು. ದೊಡ್ಡ ತಟ್ಟೆ ಒಳಗಿಡಿ. ನಾನು ಕಾಫಿ ಲೋಟದ ಕೆಳಗಿಡುವ ಸಾಸರ್ ಮತ್ತು ಮಕ್ಕಳ ಚಮಚ ಇಟ್ಟುಕೊಂಡೆ. ಮೊದಲ ದಿನ ಸಾಸರ್ ಮುಂದಿಟ್ಟಾಗ ಅವಮಾನ ಆದ ಹಾಗಾಯಿತು, ನಿಜ ಹೇಳಬೇಕೆಂದರೆ ಸಿಟ್ಟೂ ಬಂತು. ಆದರೆ ದೊಡ್ಡ ತಟ್ಟೆಯಲ್ಲಿ ಮುಕ್ಕಾಲು ಪಾಲು ಉಳಿಯುವುದನ್ನು ನೋಡುವುದಕ್ಕಿಂತ ಸಾಸರ್ ಖಾಲಿ ಆಗುವುದನ್ನು ನೋಡುವುದು ಎಷ್ಟೋ ವಾಸಿ.

ಮೊದಲು ನೀರು, ತಿಳಿ ಸೂಪ್. ಆಮೇಲೆ ಹಾಲು, ಗಟ್ಟಿ ಸೂಪ್. ನಂತರ ನುಣ್ಣಗೆ ಅರೆದದ್ದು. ಆಮೇಲೆ ಫೋರ್ಕ್‌ನಿಂದ ಒತ್ತಿದರೆ ಕಿವುಚಿಹೋಗುವಷ್ಟು ಮೆತ್ತಗಿನದು. ಕೊನೆಗೆ ಮಾಮೂಲಿ ಊಟ. ಯಾವ ಹಂತದಲ್ಲಿ ಎಷ್ಟು ದಿನ ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ಬೇರೆಯವರ ಲೆಕ್ಕಕ್ಕೆ ನಿಮ್ಮದನ್ನು ಹೋಲಿಸಬೇಡಿ. ಕಾಟ ಕೊಡುವುದು ಯಾವುದು ಅಂತ ಹೇಳಬಹುದು: ಒಳಗೆ ಮುದ್ದೆಯಾಗುವ ಮೆತ್ತನೆಯ ಬಿಳಿ ಬ್ರೆಡ್, ಒಣಗಿದ ಮಾಂಸ, ನಾರು ನಾರಾದ ತರಕಾರಿ, ಹಣ್ಣಿನ ಸಿಪ್ಪೆ, ಇಡೀ ಬೀಜಗಳು, ಗ್ಯಾಸ್ ತುಂಬಿದ ತಂಪು ಪಾನೀಯ. ಬ್ರೆಡ್ ಬೇಕೇ ಬೇಕು ಅಂದರೆ ಟೋಸ್ಟ್ ಮಾಡಿ, ಪರವಾಗಿಲ್ಲ ಅನ್ನಿಸುತ್ತದೆ.

ಅಗಿಯಿರಿ. ಅರೆಯುವ ಕೆಲಸ ಮಾಡುತ್ತಿದ್ದ ಹೊಟ್ಟೆ ಈಗ ಇಲ್ಲ, ಆ ಕೆಲಸ ಹಲ್ಲಿಗೆ ಬಿತ್ತು. ಬಾಯೊಳಗೇ ಪೇಸ್ಟ್ ಆಗುವವರೆಗೆ ನುಂಗಬೇಡಿ, ಒಂದು ತುತ್ತು ನುಂಗಿದ ಮೇಲೆ ಚಮಚ ಕೆಳಗಿಡಿ, ನೆಟ್ಟಗೆ ಕೂತು ತಿನ್ನಿ, ಟಿವಿ ನೋಡುತ್ತಾ ತಿಂದರೆ ಎಷ್ಟು ಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ಪ್ರತಿ ಸಣ್ಣ ಊಟದಲ್ಲೂ ಪ್ರೋಟೀನ್ ಇರಲಿ, ಅದನ್ನೇ ಮೊದಲು ತಿನ್ನಿ. ಮೊಟ್ಟೆ, ಮೊಸರು, ಚೀಸ್, ಮೀನು, ಚೆನ್ನಾಗಿ ಬೆಂದ ಬೇಳೆ, ನುಣ್ಣಗಿನ ಕಡಲೆಕಾಯಿ ಬೆಣ್ಣೆ, ಯಾವುದು ಒಗ್ಗುತ್ತದೋ ಅದು. ಜಾಗ ಕಡಿಮೆ ಇರುವಾಗ ಎಲೆ ಸೊಪ್ಪು ಸಲಾಡಿನಿಂದ ತುಂಬಿಸುವುದು ದಂಡ. ಆರೋಗ್ಯದ ಬಗ್ಗೆ ನಾವು ಇಷ್ಟು ವರ್ಷ ಕೇಳಿದ ಉಪದೇಶ, ಕೊಬ್ಬು ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ ಅನ್ನುವುದು, ಈ ಮೊದಲ ತಿಂಗಳುಗಳಲ್ಲಿ ತಲೆಕೆಳಗು. ಸೂಪಿಗೆ ಬೆಣ್ಣೆ ಹಾಕಿ, ಹಾಲಿಗೆ ಹಾಲಿನ ಪುಡಿ ಬೆರೆಸಿ, ಕೆನೆ ತೆಗೆಯದ ಮೊಸರು ತಿನ್ನಿ. ಕೊಬ್ಬಿಗೆ ಭೇದಿ ಆದರೆ ಮಾತ್ರ ಹಿಂದಕ್ಕೆ ಬನ್ನಿ.

ಇನ್ನು ನೀರು. ಊಟದ ಜೊತೆ ಒಂದೆರಡು ಗುಟುಕು ಬಿಟ್ಟರೆ ಬೇಡ. ಊಟಕ್ಕೆ ಅರ್ಧ ಗಂಟೆ ಮುಂಚೆ ಮತ್ತು ಅರ್ಧ ಗಂಟೆ ಆದ ಮೇಲೆ ಕುಡಿಯಿರಿ. ಜೊತೆಗೆ ಕುಡಿದರೆ ಎರಡು ತೊಂದರೆ: ಜಾಗ ನೀರಿಗೇ ಹೋಗುತ್ತದೆ, ಮತ್ತೆ ಆ ನೀರು ಊಟವನ್ನು ಕೊಚ್ಚಿಕೊಂಡು ಕರುಳಿಗೆ ಇಳಿಯುತ್ತದೆ. ಹಾಗಂತ ನೀರನ್ನೇ ಮರೆತರೆ ತಲೆಸುತ್ತು, ಮಲಬದ್ಧತೆ. ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡು ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ.

ಒಂದು ನೋಟ್‌ಬುಕ್ ಇಡಿ. ಏನು ತಿಂದೆ, ಎಷ್ಟು ಹೊತ್ತಿಗೆ, ಏನಾಯಿತು. ಒಂದು ಸಲ ಒಗ್ಗದ್ದು ಮೂರು ವಾರ ಬಿಟ್ಟು ಒಗ್ಗಬಹುದು, ಹಾಗಾಗಿ ಯಾವುದಕ್ಕೂ ಶಾಶ್ವತವಾಗಿ ಬಾಗಿಲು ಹಾಕಬೇಡಿ.

ಡಂಪಿಂಗ್: ಆ ಬಾತ್‌ರೂಮಿನ ಕಥೆ

ಊಟ, ಅದರಲ್ಲೂ ಸಿಹಿ, ಒಮ್ಮೆಗೇ ಸಣ್ಣ ಕರುಳಿಗೆ ಸುರಿದರೆ ಅದನ್ನು ತೆಳು ಮಾಡಲು ರಕ್ತದಲ್ಲಿನ ನೀರು ಕರುಳಿಗೆ ನುಗ್ಗುತ್ತದೆ. ಆಗ ಹೊಟ್ಟೆ ನುಲಿತ, ಭೇದಿ, ಬೆವರು, ಎದೆ ಬಡಿತ, ಕಣ್ಣು ಕತ್ತಲೆ. ತಿಂದ ಹತ್ತರಿಂದ ಮೂವತ್ತು ನಿಮಿಷದೊಳಗೆ ಬರುತ್ತದೆ. ಇದು ಬೇಗ ಬರುವ ಡಂಪಿಂಗ್. ತಡವಾಗಿ ಬರುವುದು ಇನ್ನೊಂದು, ಒಂದರಿಂದ ಮೂರು ಗಂಟೆ ಬಿಟ್ಟು. ಸಕ್ಕರೆ ಬೇಗ ರಕ್ತಕ್ಕೆ ಸೇರಿ, ದೇಹ ಗಾಬರಿಯಿಂದ ಇನ್ಸುಲಿನ್ ಜಾಸ್ತಿ ಬಿಟ್ಟು, ಆಮೇಲೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಕೈ ನಡುಗುತ್ತದೆ, ತಣ್ಣನೆ ಬೆವರು, ತಲೆ ಮಂಕು, ಸುಮ್ಮಸುಮ್ಮನೆ ಸಿಟ್ಟು.

ಬೇಗ ಬರುವುದು ಬಂದರೆ ತಿನ್ನುವುದು ನಿಲ್ಲಿಸಿ, ದಿಂಬಿಗೆ ಒರಗಿ ಅರೆಮಲಗಿದ ಹಾಗೆ ಕೂತುಕೊಳ್ಳಿ, ಹೋಗುತ್ತದೆ. ತಡವಾದದ್ದಕ್ಕೆ ಸ್ವಲ್ಪ ಸಿಹಿ ಬಾಯಿಗೆ ಹಾಕಿಕೊಂಡು, ಬೆನ್ನಿಗೇ ಪ್ರೋಟೀನ್ ಇರುವ ಏನಾದರೂ ತಿನ್ನಿ. ಬರೀ ಸಿಹಿ ತಿಂದರೆ ಅದೇ ಚಕ್ರ ಮತ್ತೆ ಶುರು. ನಿಮಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದರೆ ಹಳೆಯ ಡೋಸ್ ಈಗ ಹೊಂದದೇ ಇರಬಹುದು, ಆ ಮಾತ್ರೆ, ಇನ್ಸುಲಿನ್ ಲೆಕ್ಕವನ್ನು ಡಾಕ್ಟರ ಜೊತೆ ಹೊಸದಾಗಿ ಕೂತು ಮಾಡಿಸಿ.

ತಪ್ಪಿಸುವ ದಾರಿ ಹೊಸದೇನಲ್ಲ: ಸಿಹಿ ಪಾನೀಯ ಬೇಡ, ಒಂದೇ ಸಲ ಜಾಸ್ತಿ ಬೇಡ, ಪ್ರೋಟೀನ್ ಮೊದಲು, ನೀರು ಬೇರೆ. ಇಲ್ಲೊಂದು ಎಡವಟ್ಟು ಇದೆ. ತೂಕ ಏರಲಿ ಅಂತ ಆಸ್ಪತ್ರೆಯವರೇ ಬರೆದುಕೊಡುವ ಪೌಷ್ಟಿಕ ಪಾನೀಯ ಎಷ್ಟೋ ಸಲ ಸಿಹಿಯಾಗಿರುತ್ತದೆ. ಅದನ್ನು ಗಟಗಟ ಕುಡಿದರೆ ಡಂಪಿಂಗ್ ಗ್ಯಾರಂಟಿ. ಒಂದು ಬಾಟಲಿಯನ್ನು ಒಂದು ಗಂಟೆ ಹಿಡಿದು ಗುಟುಕು ಗುಟುಕಾಗಿ ಮುಗಿಸಿ, ಇಲ್ಲವೇ ಅರ್ಧ ಫ್ರಿಜ್ಜಿನಲ್ಲಿಟ್ಟು ಸಂಜೆಗೆ ಕುಡಿದರೂ ಆಯಿತು.

ಇಷ್ಟೆಲ್ಲ ಮಾಡಿದರೂ ಬಿಡದಿದ್ದರೆ ಔಷಧಿಗಳಿವೆ. "ಆಪರೇಷನ್ ಆದವರಿಗೆ ಇದೆಲ್ಲ ಇದ್ದದ್ದೇ" ಅಂದುಕೊಂಡು ವರ್ಷಗಟ್ಟಲೆ ಸಹಿಸಬೇಡಿ.

ಭೇದಿಯ ಬಗ್ಗೆ ಇನ್ನೊಂದು ಮಾತು. ಮಲ ಬಿಳಿಚಿಕೊಂಡು, ಎಣ್ಣೆಎಣ್ಣೆಯಾಗಿ, ತೇಲುತ್ತಾ, ವಾಸನೆ ಜಾಸ್ತಿ ಇದ್ದರೆ ಅದು ಡಂಪಿಂಗ್ ಅಲ್ಲ. ಕೊಬ್ಬು ಜೀರ್ಣ ಆಗುತ್ತಿಲ್ಲ ಅಂತ ಅರ್ಥ. ಊಟದ ಜೊತೆ ತೆಗೆದುಕೊಳ್ಳುವ ಎಂಜೈಮ್ ಮಾತ್ರೆಯಿಂದ ಎಷ್ಟೋ ಜನಕ್ಕೆ ಸರಿಯಾಗುತ್ತದೆ. ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದರೂ ಹೊಟ್ಟೆ ಉಬ್ಬರ, ಭೇದಿ ಇರುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ನಾಚಿಕೆ ಬಿಟ್ಟು ಬಣ್ಣ ಸಮೇತ ವಿವರಿಸಿ.

ರಾತ್ರಿ: ಇನ್ನು ಮೇಲೆ ಚಪ್ಪಟೆಯಾಗಿ ಮಲಗುವಂತಿಲ್ಲ

ಇದು ತಾತ್ಕಾಲಿಕ ಅಲ್ಲ, ಬಹುಪಾಲು ಜನಕ್ಕೆ ಜೀವನಪೂರ್ತಿ. ಬಾಗಿಲು ಇಲ್ಲದ ಕೊಳವೆ ಅಡ್ಡಲಾದರೆ ಒಳಗಿರುವುದು ಗಂಟಲಿಗೆ ಹರಿಯುತ್ತದೆ. ನಾನು ಒಂದು ರಾತ್ರಿ ನಿದ್ದೆಯಲ್ಲಿ ದಿಂಬಿನಿಂದ ಕೆಳಗೆ ಜಾರಿದ್ದೆ. ಗಂಟಲಿಗೆ ಬೆಂಕಿ ಸುರಿದ ಹಾಗೆ ಎಚ್ಚರವಾಯಿತು, ಉಸಿರು ಒಳಗೆ ಹೋಗಲಿಲ್ಲ, ಬಾಯಿ ತುಂಬ ಕಹಿ ಹಳದಿ ನೀರು. ಕೂತು ಕೆಮ್ಮಿ ಕೆಮ್ಮಿ ಸುಧಾರಿಸಿಕೊಳ್ಳಲು ಬೆಳಗಿನ ತನಕ ಬೇಕಾಯಿತು. ಆ ದ್ರವ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು, ಅದೇ ಇಲ್ಲಿ ನಿಜವಾದ ಭಯ.

ದಿಂಬಿನ ಮೇಲೆ ದಿಂಬು ಪೇರಿಸುವುದು ಕೆಲಸಕ್ಕೆ ಬರುವುದಿಲ್ಲ. ಕುತ್ತಿಗೆ ಮಾತ್ರ ಬಗ್ಗುತ್ತದೆ, ಹೊಟ್ಟೆ ಮಡಿಚಿಕೊಳ್ಳುತ್ತದೆ, ರಾತ್ರಿ ಜಾರುತ್ತೀರಿ. ಸೊಂಟದಿಂದ ಮೇಲಕ್ಕೆ ಇಳಿಜಾರಾಗಿ ಎತ್ತುವ ಗಟ್ಟಿ ಫೋಮಿನ ದಿಂಬು ಸಿಗುತ್ತದೆ. ಇಲ್ಲದಿದ್ದರೆ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಗಟ್ಟಿಯಾದ ಮರದ ತುಂಡು ಇಟ್ಟು ಇಡೀ ಮಂಚವನ್ನೇ ಎತ್ತರಿಸಿ. ಜಾರದ ಹಾಗೆ ಮಂಡಿಯ ಕೆಳಗೊಂದು ಸಣ್ಣ ದಿಂಬು ಇಡಿ. ಮೊದಲ ತಿಂಗಳು ಹಿಂದಕ್ಕೆ ಒರಗುವ ಕುರ್ಚಿಯಲ್ಲೇ ಮಲಗಿದವರೂ ಇದ್ದಾರೆ.

ಕೊನೆಯ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಮುಗಿಯಲಿ. ಹಗಲಲ್ಲೂ ಊಟ ಆದ ತಕ್ಷಣ ಸೊಂಟ ಬಗ್ಗಿಸಬೇಡಿ, ಏನಾದರೂ ಬಿದ್ದರೆ ಮಂಡಿ ಬಗ್ಗಿಸಿ ಕೂತು ಎತ್ತಿಕೊಳ್ಳಿ. ಬಿಗಿ ಬೆಲ್ಟ್ ಬೇಡ. ಆಸಿಡ್ ಕಡಿಮೆ ಮಾಡುವ ಮಾತ್ರೆಯನ್ನು ಡಾಕ್ಟರು ನಿಲ್ಲಿಸಿ ಅನ್ನುವವರೆಗೆ ನಿಲ್ಲಿಸಬೇಡಿ. ಆದರೆ ಹಳದಿ ಕಹಿ ನೀರು ಬಂದರೆ ಅದು ಪಿತ್ತ. ಆಸಿಡ್ ಮಾತ್ರೆ ಅದನ್ನು ಪೂರ್ತಿ ತಡೆಯುವುದಿಲ್ಲ, ಅಲ್ಲಿ ಇಳಿಜಾರೇ ಮುಖ್ಯ ಔಷಧಿ.

ಊಟ ಸಿಕ್ಕಿಕೊಳ್ಳಲು ಶುರುವಾದರೆ

ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ, ಕೆಲವು ವಾರ ಅಥವಾ ತಿಂಗಳು ಬಿಟ್ಟು, ತುತ್ತು ಎದೆಯಲ್ಲೋ ಗಂಟಲಲ್ಲೋ ನಿಲ್ಲಲು ಶುರುವಾಗಬಹುದು. ಮೊದಲು ತಲೆಗೆ ಬರುವುದು ಒಂದೇ: ಕ್ಯಾನ್ಸರ್ ಮತ್ತೆ ಬಂತು. ಅಷ್ಟು ಬೇಗ ಹಾಗಾದರೆ ಹೆಚ್ಚಿನ ಸಲ ಹೊಲಿಗೆಯ ಜಾಗ ಗಾಯ ಮಾಗುತ್ತಾ ಕುಗ್ಗಿ ಇಕ್ಕಟ್ಟಾಗಿರುತ್ತದೆ, ಅಷ್ಟೇ. ಎಂಡೋಸ್ಕೋಪಿಯಲ್ಲಿ ಬಲೂನ್ ಅಥವಾ ಕಡ್ಡಿಯಂಥ ಸಾಧನ ಹಾಕಿ ಹಿಗ್ಗಿಸುತ್ತಾರೆ. ಒಂದೇ ಸಲಕ್ಕೆ ಮುಗಿಯದೇ ಹೋಗಬಹುದು, ಮೂರು ನಾಲ್ಕು ಸಲ ಮಾಡಿಸಿಕೊಂಡವರೂ ಇದ್ದಾರೆ. ನನಗೆ ಎರಡು ಸಲ ಆಯಿತು. ಎರಡನೆಯದರ ಮರುದಿನ ಟೋಸ್ಟ್ ಸಲೀಸಾಗಿ ಇಳಿದಾಗ ಆದ ಖುಷಿಯನ್ನು ಹೇಳಿದರೆ ಬೇರೆಯವರಿಗೆ ಅರ್ಥವಾಗುವುದಿಲ್ಲ.

ಮೆಲ್ಲಗೆ ಗಂಜಿಗೆ, ನೀರಿಗೆ ಇಳಿದುಕೊಂಡು ಅಡ್ಜಸ್ಟ್ ಮಾಡಿಕೊಳ್ಳುತ್ತಾ ಹೋಗಬೇಡಿ. ಒಂದು ವಾರದಲ್ಲಿ ಗಟ್ಟಿ ಊಟ ಕಷ್ಟವಾಗುತ್ತಿದೆ ಅನ್ನಿಸಿದರೆ ಹೇಳಿ. ಏನೋ ಸಿಕ್ಕಿಕೊಂಡು ಎಂಜಲೂ ಇಳಿಯುತ್ತಿಲ್ಲ ಅಂದರೆ ಅವತ್ತೇ ಹೋಗಿ.

ದೊಡ್ಡ ಮಾತ್ರೆಗಳೂ ಸಿಕ್ಕಿಕೊಳ್ಳುತ್ತವೆ. ದ್ರವ ರೂಪದಲ್ಲಿ ಸಿಗುತ್ತದಾ ಅಂತ ಕೇಳಿ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ, ನಿಧಾನವಾಗಿ ಕರಗಲಿ ಅಂತ ಮಾಡಿದ ಮಾತ್ರೆ ಪುಡಿ ಮಾಡಿದರೆ ಒಂದೇ ಸಲ ಮೈಗೆ ಸೇರುತ್ತದೆ. ಔಷಧಿ ಅಂಗಡಿಯವರನ್ನು ಕೇಳದೆ ಕುಟ್ಟಾಣಿ ಮುಟ್ಟಬೇಡಿ.

ತೂಕ ಮತ್ತು ರಕ್ತ ಪರೀಕ್ಷೆ

ತೂಕ ಇಳಿಯುತ್ತದೆ. ಮೊದಲ ಆರು ತಿಂಗಳಲ್ಲಿ ಹತ್ತರಲ್ಲಿ ಒಂದು ಪಾಲು ಹೋಗುವುದು ಸಾಮಾನ್ಯ, ಆಮೇಲೆ ಒಂದು ಕಡೆ ನಿಲ್ಲುತ್ತದೆ. ಹಳೆಯ ತೂಕ ಎಷ್ಟೋ ಜನಕ್ಕೆ ಮತ್ತೆ ಬರುವುದಿಲ್ಲ. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ನೋಡಿ ಬರೆದಿಡಿ, ದಿನಾ ನೋಡಿದರೆ ತಲೆ ಕೆಡುತ್ತದೆ. ಗುರಿ ಏನೆಂದರೆ ನಿಲ್ಲಿಸುವುದು, ಏರಿಸುವುದಲ್ಲ. ಬಿಡದೆ ಇಳಿಯುತ್ತಲೇ ಇದ್ದರೆ ಡಯಟಿಷಿಯನ್ ಹತ್ತಿರ ನೋಟ್‌ಬುಕ್ ಸಮೇತ ಹೋಗಿ.

ಕಬ್ಬಿಣ, ಬಿ12, ವಿಟಮಿನ್ ಡಿ ಆಗಾಗ ಪರೀಕ್ಷೆ ಮಾಡಿಸಿ. ಬಿ12 ಹೀರಿಕೊಳ್ಳಲು ಬೇಕಾದ ವಸ್ತು ತಯಾರಾಗುವುದು ಜಠರದಲ್ಲಿ, ಅದೇ ಕಡಿಮೆಯಾಗಿದೆ. ಸುಸ್ತು, ಕಾಲು ಜೋಮು ಎಲ್ಲವನ್ನೂ ಆಪರೇಷನ್ ಮೇಲೆ ಹಾಕಿ ಸುಮ್ಮನಿದ್ದರೆ ಒಂದು ಇಂಜೆಕ್ಷನ್‌ನಲ್ಲಿ ಸರಿಹೋಗುವುದನ್ನು ತಿಂಗಳುಗಟ್ಟಲೆ ಹೊತ್ತುಕೊಂಡು ತಿರುಗುತ್ತೀರಿ.

ಮೈ, ದನಿ, ಕೆಲಸ

ಪಕ್ಕೆಲುಬಿನ ನಡುವೆ ಕೊಯ್ದಿದ್ದರೆ ಅಲ್ಲಿ ಉರಿ, ಜೋಮು, ಬಟ್ಟೆ ತಾಗಿದರೂ ಚುಳುಕು ತಿಂಗಳುಗಟ್ಟಲೆ ಇರಬಹುದು. ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ನಾಟುವುದಿಲ್ಲ, ಬೇರೆ ಮಾತ್ರೆ ಇದೆ, ಕೇಳಿ. ನೀವಾಗಿಯೇ ಐಬುಪ್ರೊಫೆನ್ ತರಹದವನ್ನು ನುಂಗಬೇಡಿ, ಹೊಸ ಕೊಳವೆಯಲ್ಲಿ ಹುಣ್ಣಾಗಬಹುದು.

ದನಿ ಒಡೆದಿದ್ದರೆ, ನೀರು ಕುಡಿದಾಗ ನೆತ್ತಿಗೆ ಹತ್ತುತ್ತಿದ್ದರೆ, ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗಿರಬಹುದು. ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ, ಆದರೆ ತೋರಿಸಿ. ನುಂಗುವ ರೀತಿ ಕಲಿಸುವ ಥೆರಪಿಸ್ಟ್‌ಗಳು ಇದ್ದಾರೆ.

ಮೊದಲ ಆರು ವಾರವಾದರೂ ಭಾರ ಎತ್ತುವುದು ಬೇಡ, ತುಂಬಿದ ನೀರಿನ ಬಕೆಟ್ ಅಂತೂ ಬೇಡವೇ ಬೇಡ. ನಡೆಯುವುದನ್ನು ಮಾತ್ರ ದಿನಾ ಸ್ವಲ್ಪ ಜಾಸ್ತಿ ಮಾಡಿ. ಗಾಡಿ ಓಡಿಸುವುದು ಬಲವಾದ ನೋವಿನ ಔಷಧಿ ನಿಂತ ಮೇಲೆ, ತಟ್ಟನೆ ಬ್ರೇಕ್ ಒತ್ತಲು ನೋವಾಗದೇ ಇದ್ದಾಗ. ಮೂರು ತಿಂಗಳಿಗೆ ಓಡಾಡಬಹುದು, ಆದರೆ ಮೊದಲಿನ ಕಸುವು ಬರಲು ಆರು ತಿಂಗಳಿಂದ ಒಂದು ವರ್ಷ ಬೇಕು. ನಡುವೆ ಕೆಮೊ ಅಥವಾ ಇಮ್ಯುನೋಥೆರಪಿ ಇದ್ದರೆ ಇನ್ನೂ ಜಾಸ್ತಿ. ಕೆಲಸಕ್ಕೆ ಅರ್ಧ ದಿನದಿಂದ ಶುರು ಮಾಡಿ, ಎರಡು ಗಂಟೆಗೊಮ್ಮೆ ತಿನ್ನಬೇಕು ಅಂತ ಮೊದಲೇ ಹೇಳಿಬಿಡಿ. ಸಿಗರೇಟು ಇದ್ದರೆ ಬಿಡಿ, ಇದರಲ್ಲಿ ಚೌಕಾಶಿ ಇಲ್ಲ. ಮದ್ಯದ ಬಗ್ಗೆ ನನ್ನ ಡಾಕ್ಟರು ಹೇಳಿದ್ದೂ ಅದೇ.

ತಲೆಯೊಳಗಿನದು

ಊಟಕ್ಕೆ ಕೂತಾಗ ಮನೆಯವರೆಲ್ಲ ನಿಮ್ಮ ಚಮಚವನ್ನೇ ನೋಡುತ್ತಿರುತ್ತಾರೆ. "ಇನ್ನೊಂಚೂರು ತಿನ್ರೀ, ಏನೂ ತಿಂದೇ ಇಲ್ಲ." ಪ್ರೀತಿಯೇ ಅದು, ಗೊತ್ತು. ಆದರೆ ಆ ಇನ್ನೊಂಚೂರು ಎಲ್ಲಿಗೆ ಒಯ್ಯುತ್ತದೆ ಅಂತ ಮೊದಲೇ ಹೇಳಿದೆನಲ್ಲ. ನಾವು ಒಂದು ಒಪ್ಪಂದ ಮಾಡಿಕೊಂಡೆವು. ಹೆಂಡತಿ ಎರಡು ಗಂಟೆಗೊಮ್ಮೆ ಸಾಸರ್ ಇಡುವುದು, ನಾನು ತಪ್ಪದೆ ಕೂರುವುದು, ಎಷ್ಟು ತಿಂದೆ ಅಂತ ಅವಳು ಕೇಳದೇ ಇರುವುದು. ಜಗಳ ಅರ್ಧಕ್ಕರ್ಧ ನಿಂತಿತು.

ಸ್ಕ್ಯಾನ್ ಹತ್ತಿರ ಬಂದಾಗ ನಿದ್ದೆ ಹೋಗುತ್ತದೆ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ, ಆಮೇಲೆ ದೂರ ದೂರವಾಗುತ್ತದೆ. ಅಷ್ಟು ಸಲ ಆ ಭಯವೂ ಬರುತ್ತದೆ. ನನಗಂತೂ ಇವತ್ತಿಗೂ ಹೋಗಿಲ್ಲ. ಇದೇ ಆಪರೇಷನ್ ಆದ ಇನ್ನೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿ ನೋಡಿ, ಅವರೂ ಸಾಸರ್ ಇಟ್ಟುಕೊಂಡಿರುತ್ತಾರೆ. ವಾರಗಟ್ಟಲೆ ಏನೂ ಬೇಡ ಅನ್ನಿಸಿ ಮಂಚ ಬಿಟ್ಟು ಏಳಲು ಮನಸ್ಸಾಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದೂ ಒಂದು ಲಕ್ಷಣವೇ.

ಕಾಯಬಾರದ ಸಂದರ್ಭಗಳು

38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ನಡುಕ. ಹೊಸದಾಗಿ ಎದೆ ನೋವು, ಏದುಸಿರು. ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ರಕ್ತ ಹೆಪ್ಪುಗಟ್ಟಿರಬಹುದು. ಗಾಯದಿಂದ ಕೀವು. ರಕ್ತ ವಾಂತಿ, ಟಾರಿನ ಹಾಗೆ ಕಪ್ಪು ಮಲ. ನಿಲ್ಲದ ವಾಂತಿ. ಇನ್ನೊಂದು ತುಂಬ ಜನಕ್ಕೆ ಗೊತ್ತಿರುವುದಿಲ್ಲ: ವಪೆಯಲ್ಲಿ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯಲ್ಲಿ, ಮಾಡಿದ ದಾರಿಯ ಮೂಲಕ ಕರುಳು ಎದೆಗೆ ನುಗ್ಗಬಹುದು, ವರ್ಷಗಳ ನಂತರವೂ. ಇದ್ದಕ್ಕಿದ್ದ ಹಾಗೆ ತಡೆಯಲಾರದ ಹೊಟ್ಟೆ ಅಥವಾ ಎದೆ ನೋವು, ವಾಂತಿ ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ.

ಪರ್ಸಿನಲ್ಲಿ ಒಂದು ಚೀಟಿ

ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಹಲ್ಲಿಗೋ, ಕಣ್ಣಿಗೋ, ಮುರಿದ ಕೈಗೋ ಮುಂದೆ ಯಾವತ್ತಾದರೂ ಅರಿವಳಿಕೆ ಕೊಡಬೇಕಾಗಿ ಬರಬಹುದು. ಅರಿವಳಿಕೆ ಡಾಕ್ಟರಿಗೆ ನಿಮ್ಮ ಆಪರೇಷನ್ ವಿಷಯ ಗೊತ್ತಿರಲೇಬೇಕು. ಉಪವಾಸ ಇದ್ದರೂ ನಮ್ಮ ಕೊಳವೆಯಲ್ಲಿ ದ್ರವ ಉಳಿದಿರಬಹುದು, ಮಲಗಿಸಿದಾಗ ಅದು ಶ್ವಾಸಕೋಶಕ್ಕೆ ಹೋಗಬಹುದು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕುವವರಿಗೂ ಗೊತ್ತಿರಬೇಕು. ಎದೆಯ ಎಕ್ಸ್‌ರೇ ನೋಡುವವರಿಗೂ ಅಷ್ಟೇ, ಹೊಟ್ಟೆ ಎದೆಯೊಳಗೆ ಕಂಡು ಗಾಬರಿಯಾಗುತ್ತಾರೆ. ಮೂಳೆ ಗಟ್ಟಿ ಮಾಡುವ ಕೆಲವು ಮಾತ್ರೆಗಳು ಅನ್ನನಾಳವನ್ನು ಸುಡುತ್ತವೆ, ಅದನ್ನು ಬರೆಯುವವರಿಗೂ ಹೇಳಬೇಕು.

ಎಚ್ಚರ ತಪ್ಪಿದ್ದರೆ ಹೇಳುವವರು ಯಾರು? ಹಾಗಾಗಿ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ: ಅನ್ನನಾಳ ತೆಗೆಯಲಾಗಿದೆ, ಜಠರ ಎದೆಯೊಳಗಿದೆ, ಚಪ್ಪಟೆಯಾಗಿ ಮಲಗಿಸಬೇಡಿ. ಕೆಳಗೆ ಆಪರೇಷನ್ ಹೆಸರು, ತಾರೀಖು, ಆಸ್ಪತ್ರೆಯ ಫೋನ್ ನಂಬರ್, ಈಗ ತೆಗೆದುಕೊಳ್ಳುತ್ತಿರುವ ಔಷಧಿ. ನನ್ನದನ್ನು ಮಗಳು ಲ್ಯಾಮಿನೇಟ್ ಮಾಡಿಸಿದ್ದಾಳೆ, ಮೊದಲಿನ ಕಾಗದದ ಚೀಟಿ ಪ್ಯಾಂಟಿನ ಜೊತೆ ಎರಡು ಸಲ ಒಗೆದುಹೋಗಿತ್ತು.